ಐದನೆಯ ನಕ್ಷೆ

ರೋಮ್ ನಗರಕ್ಕೆ ಹೋದವರು ಕೊಲೋಸಿಯಮನ್ನು ನೋಡದೆ ಹಿಂದಿರುಗುವುದಿಲ್ಲ. ನಗರದ ನಡುವಣ ವೆನೆತ್ಸಿಯಾ ಚೌಕದಿಂದ ಅಲ್ಲಿಗೆ ಒಂದು ಕಿಲೋಮೀಟರೂ ಆಗುವುದಿಲ್ಲ. ದಾರಿ ಕೇಳಬೇಕಾದ ಅಗತ್ಯವೂ ಇಲ್ಲ. ಚೌಕದ ಅಂಚಿನಲ್ಲಿ ನಿಂತವನ ಕಣ್ಣಿಗೆ, ದಾರ ಹಿಡಿದು ಎಳೆದಂತೆ ನೇರವಾಗಿ ಸಾಗುವ ಅಗಲವಾದ ಬೀದಿಯೊಂದರ ಕೊನೆಯಲ್ಲಿ, ಆ ಮಹಾರಂಗಸ್ಥಳದ ಮುರಿದ ಕಮಾನುಗಳು ಚೌಕಟ್ಟಿನಲ್ಲಿ ಕೂಡಿಸಿದ ಚಿತ್ರದಂತೆ ಕಾಣುತ್ತವೆ.

ಬೀದಿಯ ಎಡಗಡೆಯಲ್ಲಿ ಟ್ರೇಜನ್, ಆಗಸ್ಟಸ್, ನರ್ವಾ ಚಕ್ರವರ್ತಿಗಳು ಕಟ್ಟಿಸಿದ ಫೋರಮ್‌ಗಳು, ಎಂದರೆ ಸಭಾಚೌಕಗಳು, ಹಾಳು ಬಿದ್ದು ಹರಡಿವೆ. ಬಲಗಡೆಯಲ್ಲಿ ಸೀಸರನ ಸಭಾಚೌಕ. ಅದರಾಚೆಗೆ ಗಣರಾಜ್ಯದ ಕಾಲದ ಮೂಲ ಫೋರಮ್. ಕೊಡೆ ಬಿಚ್ಚಿದಂತೆ ನಿಂತ ಪೈನ್ ಮರಗಳ ನೆರಳಿನಲ್ಲಿ ನಾಲ್ವರು ಪ್ರಭುಗಳ ಕಂಚಿನ ವಿಗ್ರಹಗಳು ದಾರಿಹೋಕರನ್ನು ನೋಡುತ್ತ ನಿಂತಿವೆ. ಸೀಸರನ ರಥ ಈ ಬೀದಿಯಲ್ಲಿಯೇ ಉರುಳಿರಬೇಕೆಂದು ಪ್ರವಾಸಿ ಭಾವಿಸುತ್ತಾನೆ. ಹಾಗೆ ಭಾವಿಸುವುದು ಅವನ ತಪ್ಪಲ್ಲ. ಹಾಗೆ ಭಾವಿಸಲೆಂದೇ ಆ ಬೀದಿಯನ್ನು ಮಾಡಿದ್ದು. ಅದು ಸಂಚಾರಕ್ಕೆ ತೆರೆದದ್ದು ಸೀಸರನ ಕಾಲದಲ್ಲಿ ಅಲ್ಲ. 1932ನೆಯ ಇಸವಿಯ ಅಕ್ಟೋಬರ್ 28ರಂದು.

ಕೊಲೋಸಿಯಮಿನ ಕಡೆಗೆ ನಡೆಯುತ್ತ ಬಂದರೆ ಬಲಕ್ಕೆ ಮ್ಯಾಕ್ಸೆಂಷಿಯಸ್ ಚಕ್ರವರ್ತಿಯ ಮಹಾಮಂಟಪ ಸಿಕ್ಕುತ್ತದೆ. ಅದರ ಬೀದಿಗೋಡೆಯ ಮೇಲೆ 1934ರ ಏಪ್ರಿಲ್ 21ರಂದು ಅಮೃತಶಿಲೆಯ ನಾಲ್ಕು ದೊಡ್ಡ ನಕ್ಷೆಗಳನ್ನು ಕೂಡಿಸಿದರು. ಮೊದಲನೆಯದರಲ್ಲಿ ಕಪ್ಪು ಲೋಕದ ನಡುವೆ ಒಂದೇ ಒಂದು ಬಿಳಿಯ ಚುಕ್ಕೆ: ಅದು ಕ್ರಿ.ಪೂ. ಎಂಟನೆಯ ಶತಮಾನದ ರೋಮ್. ಎರಡನೆಯದು ಕಾರ್ಥೇಜಿನ ಯುದ್ಧಗಳು ಮುಗಿದ ಕ್ರಿ.ಪೂ. 146ರದು, ಮೂರನೆಯದು ಆಗಸ್ಟಸ್ ತೀರಿಕೊಂಡ ಕ್ರಿ.ಶ. 14ರದು, ನಾಲ್ಕನೆಯದು ಟ್ರೇಜನ್ನನ ಕಾಲದ್ದು. ಒಂದೊಂದಾಗಿ ನೋಡುತ್ತ ಹೋದಂತೆ ಬಿಳಿಯ ಬಣ್ಣ ಚೆಲ್ಲಿದ ಹಾಲಿನಂತೆ ಹರಡುತ್ತ ಬ್ರಿಟನ್ನಿನಿಂದ ಮೆಸೊಪೊಟೇಮಿಯದವರೆಗೆ ವ್ಯಾಪಿಸುತ್ತದೆ. ಈ ನಾಲ್ಕು ನಕ್ಷೆಗಳಲ್ಲಿರುವುದು ಚರಿತ್ರೆಯ ಪಠ್ಯಪುಸ್ತಕದಲ್ಲಿಯೂ ಇರುವ ಸಂಗತಿಯೇ.

ಎರಡು ವರ್ಷಗಳು ಕಳೆದ ಮೇಲೆ, 1936ರ ಅಕ್ಟೋಬರ್ 28ರಂದು, ಅವುಗಳ ಸಾಲಿಗೆ ಐದನೆಯ ನಕ್ಷೆಯೊಂದು ಬಂದು ಸೇರಿತು. ಅದರಲ್ಲಿ ಇಟಲಿಯ ಜೊತೆಗೆ ಲಿಬಿಯ, ಎರಿಟ್ರಿಯ, ಸೊಮಾಲಿಯ, ಆಗಷ್ಟೆ ಗೆದ್ದಿದ್ದ ಇಥಿಯೋಪಿಯ ಎಲ್ಲವೂ ಬೆಳ್ಳಗೆ ಹೊಳೆದುವು. ಟ್ರೇಜನ್ನನ ರೋಮಿಗೂ ಮುಸೊಲಿನಿಯ ರೋಮಿಗೂ ನಡುವೆ ಹದಿನೆಂಟು ಶತಮಾನಗಳು ಉರುಳಿದ್ದುವು. ಗೋಡೆಯ ಮೇಲೆ ಮಾತ್ರ ಒಂದು ನಕ್ಷೆಗೂ ಮುಂದಿನ ನಕ್ಷೆಗೂ ಇದ್ದ ಅಂತರ ಕೆಲವೇ ಹೆಜ್ಜೆಗಳು.

ಯುದ್ಧ ಮುಗಿದ 1945ರಲ್ಲಿ ಐದನೆಯ ನಕ್ಷೆಯನ್ನು ಕಿತ್ತರು. ನಾಲ್ಕು ಉಳಿದುವು. ರೋಮಿನ ಒಬ್ಬ ಸರ್ವಾಧಿಕಾರಿ ಪುರಾಣ ಕಟ್ಟಿದ ಬಗೆಯನ್ನು ಅರಿಯಬೇಕಾದರೆ ಈ ಐದು ನಕ್ಷೆಗಳೇ ಸಾಕು. ಕೊನೆಯದನ್ನು ಜನ ನಂಬಲೆಂದು ಅದರ ಮುಂದೆ ನಾಲ್ಕು ನಿಜಗಳನ್ನು ಸಾಲಾಗಿ ನಿಲ್ಲಿಸಿದ್ದರು.

ರೈಲಿನಲ್ಲಿ ಬಂದ ದಂಡನಾಯಕ

ಅಕ್ಟೋಬರ್ 28 ಎಂಬ ದಿನ ಮತ್ತೆ ಮತ್ತೆ ಬರುವುದನ್ನು ಓದುಗರು ಗಮನಿಸಿರಬಹುದು. 1922ರಲ್ಲಿ ಆ ದಿನ ‘ರೋಮ್ ದಂಡಯಾತ್ರೆ’ ನಡೆಯಿತೆಂದು ಫ್ಯಾಸಿಸ್ಟರು ಹೇಳುತ್ತಿದ್ದರು. ಕಪ್ಪು ಅಂಗಿ ತೊಟ್ಟ ಸಾವಿರಾರು ಮಂದಿ ನಗರದ ಹೊರವಲಯಗಳಲ್ಲಿ ನೆರೆದದ್ದು ನಿಜ. ಆದರೆ ಅವರು ಮಳೆಯಲ್ಲಿ ನೆನೆಯುತ್ತಿದ್ದರು. ಕೈಯಲ್ಲಿ ಸರಿಯಾದ ಆಯುಧಗಳಿರಲಿಲ್ಲ. ರಾಜಧಾನಿಯ ಸೈನ್ಯಕ್ಕೆ ಅವರನ್ನು ಚದುರಿಸುವುದು ಕಷ್ಟವಾಗುತ್ತಿರಲಿಲ್ಲ. ಸೈನಿಕ ಕಾನೂನನ್ನು ಘೋಷಿಸುವ ಪತ್ರಕ್ಕೆ ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯಲ್ ರುಜು ಹಾಕಲೊಲ್ಲದೆ ಹೋದುದರಿಂದ ಸೈನ್ಯ ಕದಲಲಿಲ್ಲ. ದಂಡನಾಯಕ ಮುಸೊಲಿನಿಯಾದರೋ ಅಷ್ಟು ಹೊತ್ತೂ ಮಿಲಾನಿನಲ್ಲಿಯೇ ಇದ್ದನು. ದೊರೆಯ ಕರೆ ಬಂದ ಮೇಲೆ ರಾತ್ರಿಯ ರೈಲು ಹತ್ತಿ, ಮಲಗುವ ಡಬ್ಬಿಯಲ್ಲಿ ಪ್ರಯಾಣ ಮಾಡಿ, 30ನೆಯ ತಾರೀಖು ಬೆಳಗ್ಗೆ ರೋಮಿನಲ್ಲಿ ಇಳಿದನು. ಕಪ್ಪಂಗಿಗಳ ಮೆರವಣಿಗೆ ರಾಜಬೀದಿಗಳಲ್ಲಿ ಹೊರಟಿದ್ದು 31ರಂದು, ಅವನು ಪ್ರಧಾನಮಂತ್ರಿಯಾದ ನಂತರ.

ಗೆದ್ದ ಮೇಲೆ ನಡೆಸಿದ ಈ ಮೆರವಣಿಗೆ ಮುಂದೆ ಗೆಲುವಿನ ಕಾರಣವೆನಿಸಿತು. ಅಕ್ಟೋಬರ್ 28 ರಾಷ್ಟ್ರೀಯ ಹಬ್ಬವಾಯಿತು. ಅಷ್ಟರಿಂದಲೂ ತೃಪ್ತಿಯಾಗಲಿಲ್ಲ, ಕಾಲಮಾನವೇ ಅಲ್ಲಿಂದ ಆರಂಭವಾಗಬೇಕೆಂದಾಯಿತು. ವಿಕ್ರಮಶಕೆ, ಶಾಲಿವಾಹನಶಕೆಗಳ ಹಾಗೆ ಇಟಲಿಯಲ್ಲಿ ಒಂದು ಫ್ಯಾಸಿಸ್ಟ್ ಶಕೆ ಹುಟ್ಟಿತು. 1927ರಿಂದ ಸರಕಾರಿ ಕಾಗದಪತ್ರಗಳಲ್ಲಿ ಕ್ರಿಸ್ತಶಕದ ಪಕ್ಕದಲ್ಲಿ ಆ ವರ್ಷವನ್ನು ರೋಮನ್ ಅಂಕಿಗಳಲ್ಲಿ ಬರೆಯುವುದು ಕಡ್ಡಾಯವಾಯಿತು. ಕಾರ್ಮಿಕರು ಆಚರಿಸುತ್ತಿದ್ದ ಮೇ ಒಂದನೆಯ ತಾರೀಖನ್ನು ಪಂಚಾಂಗದಿಂದ ತೆಗೆದು, ರೋಮ್ಯುಲಸ್ ರೋಮ್ ನಗರವನ್ನು ಸ್ಥಾಪಿಸಿದನೆಂದು ಐತಿಹ್ಯ ಹೇಳುವ ಏಪ್ರಿಲ್ 21ನ್ನು ಅದರ ಜಾಗದಲ್ಲಿ ಇಟ್ಟರು. ದುಡಿಯುವವನು ತನ್ನ ಹಬ್ಬದಂದು ತನ್ನ ಕೂಲಿಯನ್ನು ನೆನೆಯದೆ ರೋಮ್ಯುಲಸ್‌ನನ್ನು ನೆನೆಯಬೇಕಾಯಿತು.

ಕೈ ಚಾಚಿ ವಂದಿಸುವ ‘ರೋಮನ್ ವಂದನೆ’ಯ ಕಥೆಯೂ ಇಂಥದೇ. ಪ್ರಾಚೀನ ರೋಮನರು ಹಾಗೆ ವಂದಿಸುತ್ತಿದ್ದರೆಂಬುದಕ್ಕೆ ಸ್ಪಷ್ಟವಾದ ಆಧಾರ ಸಿಕ್ಕಿಲ್ಲ. ಅದರ ಬೇರು ಇರುವುದು ಫ್ರೆಂಚ್ ಚಿತ್ರಕಾರ ಡಾವಿದ್ 1784ರಲ್ಲಿ ಬರೆದ ಒಂದು ವರ್ಣಚಿತ್ರದಲ್ಲಿ, ಅನಂತರದ ನಾಟಕಗಳಲ್ಲಿ, 1914ರ ‘ಕಬೀರಿಯ’ ಎಂಬ ಮೂಕಚಿತ್ರದಲ್ಲಿ. ಚಲನಚಿತ್ರದ ತೆರೆಯಿಂದ ಇಳಿದು ಬಂದ ಕೈ ಇಡೀ ರಾಷ್ಟ್ರದ ಸನಾತನ ಸಂಪ್ರದಾಯವೆನಿಸಿಕೊಂಡಿತು.

ಪಿಕಾಸಿಯ ಕೆಲಸ

1925ರ ಡಿಸೆಂಬರ್ ಕೊನೆಯ ದಿನ ರೋಮಿನ ನಗರಾಧ್ಯಕ್ಷನಿಗೆ ಅಧಿಕಾರ ವಹಿಸುವ ಸಮಾರಂಭದಲ್ಲಿ ಮುಸೊಲಿನಿ ಒಂದು ಭಾಷಣ ಮಾಡಿದನು. ಐದು ವರ್ಷಗಳೊಳಗೆ ಈ ನಗರ ಆಗಸ್ಟಸನ ಕಾಲದಲ್ಲಿದ್ದಂತೆ ಜಗತ್ತಿನ ಕಣ್ಣಿಗೆ ಬೆರಗಾಗಿ ಕಾಣಬೇಕು; ಚರಿತ್ರೆಯ ಸಹಸ್ರವರ್ಷದ ಸ್ಮಾರಕಗಳು ತಮಗೆ ಅವಶ್ಯಕವಾದ ಏಕಾಂತದಲ್ಲಿ ದೈತ್ಯಾಕಾರವಾಗಿ ಎದ್ದು ನಿಲ್ಲಬೇಕು; ಇದು ಅವನ ಮಾತಿನ ಸಾರ. ‘ಅವಶ್ಯಕವಾದ ಏಕಾಂತ’ ಎಂಬ ಪದವನ್ನು ಕೇಳಿದವರಿಗೆ ಕಾವ್ಯದಂತೆ ತೋರಿರಬಹುದು. ಆದರೆ ರೋಮಿನ ಸ್ಮಾರಕಗಳು ಎಂದೂ ಏಕಾಂತದಲ್ಲಿ ಇದ್ದವಲ್ಲ. ಅವುಗಳ ಕಮಾನುಗಳ ಕೆಳಗೆ ಕಮ್ಮಾರರು ಕುಲುಮೆ ಹೂಡಿದ್ದರು. ಗೋಡೆಗಳಿಗೆ ಒರಗಿಕೊಂಡು ಮನೆಗಳು ಎದ್ದಿದ್ದುವು. ದೇವಾಲಯಗಳ ಕಂಬಗಳು ಇಗರ್ಜಿಗಳ ಗೋಡೆಗಳಲ್ಲಿ ಸೇರಿಹೋಗಿದ್ದುವು. ಏಕಾಂತವನ್ನು ಉಂಟುಮಾಡಬೇಕಾದರೆ ಇವನ್ನೆಲ್ಲ ಅಲ್ಲಿಂದ ಎಬ್ಬಿಸಬೇಕಾಗಿತ್ತು.

ಕೊಲೋಸಿಯಮಿಗೂ ವೆನೆತ್ಸಿಯಾ ಚೌಕಕ್ಕೂ ನಡುವೆ ಅಲೆಸ್ಸಾಂದ್ರೀನೊ ಎಂಬ ಹಳೆಯ ಬಡಾವಣೆಯಿದ್ದಿತು. ಹದಿನಾರನೆಯ ಶತಮಾನದಿಂದ ಬೆಳೆದು ಬಂದ ಓಣಿಗಳು, ಅಂಗಡಿಗಳು, ಇಗರ್ಜಿಗಳು, ಮಹಡಿಯ ಮೇಲೆ ಮಹಡಿಯಾಗಿ ಎದ್ದ ಬಾಡಿಗೆಯ ಮನೆಗಳು. ಅಡ್ಡಲಾಗಿ ವೆಲಿಯ ಎಂಬ ಗುಡ್ಡವೂ ಇದ್ದಿತು. ಬಡಾವಣೆಯನ್ನು ಕೆಡವಿದರು, ಗುಡ್ಡವನ್ನು ಕಡಿದರು. ಗುಡ್ಡದ ಹೊಟ್ಟೆಯಲ್ಲಿ ರೋಮ್ ನಗರಕ್ಕಿಂತ ಎಷ್ಟೋ ಹಿಂದಿನ ಕಾಲದ ಒಂದು ಆನೆಯ ಅಸ್ಥಿ ಸಿಕ್ಕಿತು. ಹತ್ತನೆಯ ವಾರ್ಷಿಕೋತ್ಸವದ ಗಡುವು ಹತ್ತಿರ ಬರುತ್ತಿದ್ದುದರಿಂದ ಯಾವುದನ್ನೂ ನಿಧಾನವಾಗಿ ಪರಿಶೀಲಿಸಲು ವ್ಯವಧಾನವಿರಲಿಲ್ಲ. ಸಿಕ್ಕಿದ ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಿದರು. ಎಲ್ಲಕ್ಕಿಂತ ವಿಚಿತ್ರವಾದುದು, ಯಾವ ಸಾಮ್ರಾಟರ ಸಭಾಚೌಕಗಳನ್ನು ಬೆಳಕಿಗೆ ತಂದೆವೆಂದು ಹೆಮ್ಮೆಪಟ್ಟರೋ ಅವುಗಳ ಬಹುಭಾಗ ಹೊಸ ರಸ್ತೆಯ ಮತ್ತು ಅದರ ಎರಡು ಪಕ್ಕದ ತೋಟಗಳ ಅಡಿಯಲ್ಲಿಯೇ ಮತ್ತೆ ಹೂತುಹೋಯಿತು. ಆಳುವವರಿಗೆ ಬೇಕಾದದ್ದು ಸಾಮ್ರಾಟರ ಚೌಕಗಳಿಗಿಂತ ಅವರ ಹಿನ್ನೆಲೆಯಲ್ಲಿ ಸೈನ್ಯದ ಕವಾಯತು ನಡೆಯುವುದಕ್ಕೆ ಒಂದು ಬಯಲು. 1932ರಲ್ಲಿ ಅದರ ಹೆಸರು ‘ಸಾಮ್ರಾಜ್ಯಬೀದಿ’. ‘ಫೋರಮ್‌ಗಳ ಬೀದಿ’ಯೆಂದು ಕರೆದದ್ದು ಮುಸೊಲಿನಿಯ ಪತನದ ನಂತರ.

ಅಲ್ಲಿದ್ದ ಜನ ಏನಾದರು? ಅವರಲ್ಲಿ ಬಹಳ ಮಂದಿ ಬಡವರನ್ನು ನಗರದಿಂದ ದೂರದ ಹೊಲಗಳ ನಡುವೆ ಕಟ್ಟಿದ ‘ಬೊರ್ಗಾತ’ಗಳಿಗೆ ಕಳುಹಿಸಿದರು. ಗೊರ್ದಿಯಾನಿ, ಪಿಯೆತ್ರಲಾತ, ಸಾನ್ ಬಸೀಲಿಯೊ, ಪ್ರಿಮವಾಲ್ಲೆ ಇಂಥ ಹೆಸರುಗಳು. ಕಿರಿದಾದ ಮನೆಗಳು, ಎಷ್ಟೋ ಕಡೆ ಹತ್ತಾರು ಸಂಸಾರಗಳಿಗೆ ಸೇರಿ ಒಂದು ಕೊಳಾಯಿ, ಹೊರಗಡೆ ಶೌಚಗೃಹ. ಪಟ್ಟಣದ ನಡುವೆ ಗಿರಾಕಿಗಳನ್ನು ನಂಬಿ ಬದುಕುತ್ತಿದ್ದ ಕುಶಲಕರ್ಮಿಗೆ ಅಲ್ಲಿ ಗಿರಾಕಿಗಳೂ ಇಲ್ಲ, ಪಟ್ಟಣಕ್ಕೆ ಬಂದುಹೋಗಲು ತಕ್ಕ ಬಂಡಿಯೂ ಇಲ್ಲ. ಯಾರೂ ಅವರಿಗೆ ಸ್ಮಾರಕ ನಿಲ್ಲಿಸಲಿಲ್ಲ. ಕಂಚಿನ ಟ್ರೇಜನ್ನನ ಎದುರಿಗೆ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಯ ಕಾಲ ಕೆಳಗೆ ಇರುವುದು ಅವರ ಮನೆಗಳ ಅಡಿಪಾಯ.

ಕೆಡವುವ ಕೆಲಸವನ್ನೂ ಉತ್ಸವ ಮಾಡಲಾಯಿತು. ಮನೆಯ ಮಾಡಿನ ಮೇಲೆ ನಿಂತು, ಪಿಕಾಸಿ ಎತ್ತಿ ಮೊದಲ ಏಟು ಹಾಕುತ್ತಿರುವ ಮುಸೊಲಿನಿಯ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದುವು. ಸರಕಾರದ ‘ಲೂಚೆ’ ಸಂಸ್ಥೆ ತಯಾರಿಸಿದ ವಾರ್ತಾಚಿತ್ರಗಳನ್ನು ಸಿನಿಮಾ ಮಂದಿರಗಳಲ್ಲಿ ತೋರಿಸುವುದು ಕಡ್ಡಾಯವಾಗಿತ್ತು. ಮನೆ ಬೀಳುವುದನ್ನು ಪ್ರೇಕ್ಷಕರು ಕಂಡರು. ಮನೆಯವರು ಸಾಮಾನು ಹೊತ್ತು ಹೋಗುವುದನ್ನು ಕಾಣಲಿಲ್ಲ.

ಒಂದೇ ಶಬ್ದದ ಕೋಣೆ

ಸಾಮ್ರಾಜ್ಯಬೀದಿಯನ್ನು ತೆರೆದ ದಿನವೇ ನಾತ್ಸಿಯೊನಾಲೆ ರಸ್ತೆಯ ಪ್ರದರ್ಶನ ಭವನದಲ್ಲಿ ‘ಫ್ಯಾಸಿಸ್ಟ್ ಕ್ರಾಂತಿಯ ಪ್ರದರ್ಶನ’ವೂ ಆರಂಭವಾಯಿತು. ಭವನದ ಹಳೆಯ ಮುಖವನ್ನು ಕೆಂಪು ಗೋಡೆಯಿಂದ ಮುಚ್ಚಿ, ಅದರ ಮುಂದೆ ಇಪ್ಪತ್ತೈದು ಮೀಟರ್ ಎತ್ತರದ ಲೋಹದ ನಾಲ್ಕು ದಂಡಗುಚ್ಛಗಳನ್ನು ನಿಲ್ಲಿಸಿದ್ದರು. ಕಟ್ಟಿಗೆಯ ಕೋಲುಗಳ ಕಟ್ಟಿನಲ್ಲಿ ಕೊಡಲಿಯೊಂದನ್ನು ಸೇರಿಸಿದ ಈ ‘ಫಾಸ್ಚೆಸ್’ ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಭಟರು ಹೊತ್ತು ನಡೆಯುತ್ತಿದ್ದ ಲಾಂಛನ. ಪಕ್ಷಕ್ಕೆ ಹೆಸರು ಕೊಟ್ಟ ಶಬ್ದಕ್ಕೂ ಮೂಲ ಅದೇ.

ಒಳಗಡೆ ಕೋಣೆಯ ಮೇಲೆ ಕೋಣೆ: ವೃತ್ತಪತ್ರಿಕೆಗಳ ತುಣುಕುಗಳು, ಹರಿದ ಬಾವುಟಗಳು, ಆಳೆತ್ತರದ ಛಾಯಾಚಿತ್ರಗಳು. ಎಲ್ಲವನ್ನೂ ದಾಟಿದ ಮೇಲೆ ಪ್ರವಾಸಿ ಬಂದು ಸೇರುತ್ತಿದ್ದುದು ‘ಹುತಾತ್ಮರ ಗರ್ಭಗುಡಿ’ಗೆ. ಅಡಾಲ್ಬರ್ತೊ ಲೀಬೆರ ಮತ್ತು ಅಂತೋನಿಯೊ ವಲೆಂತೆ ಎಂಬಿಬ್ಬರು ಶಿಲ್ಪಿಗಳು ರಚಿಸಿದ ಗುಂಡಾದ ಕತ್ತಲೆಯ ಕೋಣೆ ಅದು. ನಡುವೆ ಒಂದು ಶಿಲುಬೆ. ಸುತ್ತಲೂ ಗೋಡೆಯ ಉದ್ದಕ್ಕೂ ಬೆಳಕಿನ ಅಕ್ಷರಗಳಲ್ಲಿ ಒಂದೇ ಶಬ್ದ ಮತ್ತೆ ಮತ್ತೆ: ‘ಪ್ರೆಸೆಂತೆ’, ‘ಹಾಜರಿದ್ದೇನೆ’. ಪಕ್ಷದ ಶವಸಂಸ್ಕಾರಗಳಲ್ಲಿ ಸತ್ತವನ ಹೆಸರನ್ನು ಒಬ್ಬನು ಕೂಗುತ್ತಿದ್ದನು. ನೆರೆದವರೆಲ್ಲರೂ ಒಂದೇ ಕಂಠದಲ್ಲಿ ಹಾಜರಿ ಹೇಳುತ್ತಿದ್ದರು. ಆ ಕೋಣೆಯಲ್ಲಿ ಹೆಸರು ಕರೆಯುವವನೂ ಇರಲಿಲ್ಲ. ಸತ್ತವರು ಯಾರು, ಯಾರ ಮಕ್ಕಳು, ಹೇಗೆ ಸತ್ತರು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಎಲ್ಲರೂ ಕರಗಿ ಒಂದು ಉತ್ತರವಾಗಿದ್ದರು.

1924ರ ಮೇ 30ರಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಚುನಾವಣೆಯ ಅಕ್ರಮಗಳನ್ನು ಬಯಲಿಗೆಳೆದ ಸಮಾಜವಾದಿ ಸದಸ್ಯ ಜಾಕೊಮೊ ಮತ್ತೆಯೊತ್ತಿ ಅವರ ನೆನಪಿಗೆ ಈ ಗರ್ಭಗುಡಿಯಲ್ಲಿ ಸ್ಥಳವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಜೂನ್ 10ರಂದು ಟೈಬರ್ ನದಿಯ ದಂಡೆಯಲ್ಲಿ ಅವರನ್ನು ಹಾಡುಹಗಲೇ ಕಾರಿನಲ್ಲಿ ಎಳೆದುಕೊಂಡು ಹೋಗಿ ಕೊಂದರು. ಶವ ಸಿಕ್ಕಿದ್ದು ಆಗಸ್ಟ್ ತಿಂಗಳಿನಲ್ಲಿ. ಅವರನ್ನು ಹಿಡಿದ ಜಾಗದಲ್ಲಿ ಸ್ಮಾರಕ ಎದ್ದುದು ಐವತ್ತು ವರ್ಷಗಳ ಮೇಲೆ, 1974ರಲ್ಲಿ.

ಪ್ರದರ್ಶನಕ್ಕೆ ಬರುವವರಿಗೆ ರೈಲಿನ ದರದಲ್ಲಿ ಭಾರಿ ರಿಯಾಯಿತಿ ಕೊಟ್ಟಿದ್ದರು. 1934ರವರೆಗೆ ಲಕ್ಷಗಟ್ಟಲೆ ಜನ ಬಂದರು. ಅವರಲ್ಲಿ ಎಷ್ಟು ಮಂದಿ ಭಕ್ತಿಯಿಂದ ಬಂದರು, ಎಷ್ಟು ಮಂದಿ ಅಗ್ಗದ ದರದಲ್ಲಿ ರೋಮ್ ನೋಡಲು ಬಂದರು ಎಂಬುದನ್ನು ಟಿಕೇಟು ಹೇಳುವುದಿಲ್ಲ. ಕತ್ತಲೆಯ ಕೋಣೆಯಿಂದ ಹೊರಗೆ ಬರುವಾಗ ಟೋಪಿ ತೆಗೆದು ಮೌನವಾಗಿ ನಡೆದವರು ಮಾತ್ರ ಒಂದು ಪಾಠವನ್ನು ಮೈಯಲ್ಲಿಯೇ ಕಲಿತು ಹೋದರು.

ಆಗಸ್ಟಸನ ಹುಟ್ಟುಹಬ್ಬ

ಹುಟ್ಟುಹಬ್ಬಗಳಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. 1930ರಲ್ಲಿ ಕವಿ ವರ್ಜಿಲನ ಎರಡು ಸಾವಿರದ ವರ್ಷ ಬಂದಿತು. ಬೇಸಾಯವನ್ನು ಹಾಡಿದ ಕವಿ ಸರಕಾರದ ಗೋಧಿ ಚಳವಳಿಗೆ ಅನುಕೂಲನಾದನು. 1935ರಲ್ಲಿ ಹೊರೇಸನ ಸರದಿ. 1937ರ ಸೆಪ್ಟೆಂಬರ್ 23ರಿಂದ ಸಾಕ್ಷಾತ್ ಆಗಸ್ಟಸನದು. ಕ್ರಾಂತಿಯ ಪ್ರದರ್ಶನ ನಡೆದಿದ್ದ ಭವನದಲ್ಲಿಯೇ, ಪುರಾತತ್ತ್ವಜ್ಞ ಜೂಲಿಯೊ ಕ್ವಿರೀನೊ ಜಿಲಿಯೋಲಿಯವರ ನಿರ್ದೇಶನದಲ್ಲಿ, ರೋಮನ್ ನಾಗರಿಕತೆಯ ಮಹಾಪ್ರದರ್ಶನ ಏರ್ಪಟ್ಟಿತು. ಸಾಮ್ರಾಜ್ಯದ ಮೂಲೆಮೂಲೆಗಳಲ್ಲಿದ್ದ ಶಾಸನಗಳ, ಸೇತುವೆಗಳ, ವಿಗ್ರಹಗಳ ಅಚ್ಚುಗಳನ್ನು ತರಿಸಿ ಜೋಡಿಸಿದ್ದರು. ವಿದ್ವತ್ತಿನ ದೃಷ್ಟಿಯಿಂದ ಅದು ಸಣ್ಣ ಸಾಧನೆಯಲ್ಲ. ಇತಾಲೊ ಜಿಸ್ಮೊಂದಿ ರಚಿಸಿದ ಪ್ರಾಚೀನ ರೋಮಿನ ಮಾದರಿಯನ್ನು ಪಂಡಿತರು ಮುಂದೆಯೂ ಮೆಚ್ಚಿದರು. ಆದರೆ ಅಷ್ಟು ಪಾಂಡಿತ್ಯವೂ ಸೇರಿ ಹೇಳಿದ್ದು ಗೋಡೆಯ ಮೇಲಿನ ಐದನೆಯ ನಕ್ಷೆ ಹೇಳಿದ್ದನ್ನೇ: ಆಗಸ್ಟಸನು ಮತ್ತೆ ಹುಟ್ಟಿದ್ದಾನೆ.

ಟೈಬರ್ ನದಿಯ ಹತ್ತಿರ ಆಗಸ್ಟಸನ ಸಮಾಧಿಯಿದೆ. ಎರಡು ಸಾವಿರ ವರ್ಷಗಳಲ್ಲಿ ಅದು ಒಮ್ಮೆ ಸಾಮಂತರ ಕೋಟೆಯಾಗಿ, ಒಮ್ಮೆ ಶ್ರೀಮಂತರ ಉದ್ಯಾನವಾಗಿ, ಒಮ್ಮೆ ಗೂಳಿಕಾಳಗದ ಅಂಗಣವಾಗಿ ಬದುಕಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಮೇಲೆ ‘ಅಗುಸ್ತೇಯೊ’ ಎಂಬ ಸಂಗೀತಮಂದಿರವಿದ್ದಿತು. ಮಂದಿರದ ನಾದಗುಣವನ್ನು ಸಂಗೀತಗಾರರು ಕೊಂಡಾಡುತ್ತಿದ್ದರು. 1936ರ ಮೇ ತಿಂಗಳಿನಲ್ಲಿ ಅಲ್ಲಿ ಕಡೆಯ ಕಚೇರಿ ನಡೆಯಿತು. ಆಮೇಲೆ ಮಂದಿರವನ್ನೂ ಸುತ್ತಲಿನ ಕೇರಿಗಳನ್ನೂ ಕೆಡವಿ ಸಮಾಧಿಗೆ ‘ಏಕಾಂತ’ವನ್ನು ಒದಗಿಸಿದರು. ಅಷ್ಟು ಕೆಡವಿದ ಮೇಲೆ ಹೊರಗೆ ಬಂದದ್ದು ನಿರೀಕ್ಷಿಸಿದ ಭವ್ಯತೆಯಲ್ಲ. ಮುಕ್ಕಾದ ಇಟ್ಟಿಗೆಯ ಆ ದಿಬ್ಬವನ್ನು ರೋಮಿನ ಜನ ‘ಹುಳುಕು ಹಲ್ಲು’ ಎಂದು ಕರೆದು ನಕ್ಕರು. ಅನಂತರ ದಶಕಗಳ ಕಾಲ ಅದು ಮುಚ್ಚಿಯೇ ಇದ್ದಿತು. ಸಾರ್ವಜನಿಕರಿಗೆ ಮತ್ತೆ ತೆರೆದದ್ದು 2021ರಲ್ಲಿ.

ಅದರ ಪಕ್ಕಕ್ಕೆ ಆಗಸ್ಟಸನ ‘ಶಾಂತಿವೇದಿಕೆ’ಯನ್ನು ತಂದು ನಿಲ್ಲಿಸಿದರು. ಅದರ ಶಿಲಾಖಂಡಗಳು ಬೇರೊಂದು ಅರಮನೆಯ ಕೆಳಗೆ ಜಲದಲ್ಲಿ ಮುಳುಗಿದ್ದುವು. 1937–38ರಲ್ಲಿ ನೆಲವನ್ನು ಹಿಮಗಟ್ಟಿಸಿ, ನೀರನ್ನು ತಡೆದು, ಅವನ್ನು ಹೊರತೆಗೆದದ್ದು ಎಂಜಿನಿಯರಿಂಗ್‌ನ ಅದ್ಭುತವೇ ಸರಿ. ಹೊಸದಾಗಿ ಕಟ್ಟಿದ ಮಂಟಪದ ಗೋಡೆಯ ಮೇಲೆ, ಆಗಸ್ಟಸನು ತನ್ನ ಪ್ರಶಸ್ತಿಯನ್ನು ತಾನೇ ಬರೆಸಿಕೊಂಡಿದ್ದ ದೀರ್ಘ ಶಾಸನವನ್ನು ಕೊರೆಸಿದರು. 1938ರ ಸೆಪ್ಟೆಂಬರ್ 23ರಂದು, ಆಗಸ್ಟಸನ ಜನ್ಮದಿನದಂದು, ಮುಸೊಲಿನಿ ಅದನ್ನು ಉದ್ಘಾಟಿಸಿದನು. ಅದೇ ತಿಂಗಳು 5ನೆಯ ತಾರೀಖು ಯೆಹೂದಿ ಉಪಾಧ್ಯಾಯರನ್ನೂ ಮಕ್ಕಳನ್ನೂ ಸರಕಾರಿ ಶಾಲೆಗಳಿಂದ ಹೊರಹಾಕುವ ಶಾಸನಕ್ಕೆ ರುಜು ಬಿದ್ದಿತ್ತು. ಶಾಂತಿವೇದಿಕೆಯ ಮೇಲೆ ಕೆತ್ತಿದ ಮೆರವಣಿಗೆಯಲ್ಲಿ ತಾಯಂದಿರ ಸೆರಗು ಹಿಡಿದ ಮಕ್ಕಳೂ ಇದ್ದಾರೆ. ಉದ್ಘಾಟನೆಯ ದಿನ ಆ ಶಿಲ್ಪವನ್ನು ನೋಡಿದವರು ಆ ಕಾನೂನನ್ನು ನೆನೆದರೋ ಇಲ್ಲವೋ!

ಮೂವರು ವಿದ್ವಾಂಸರು

ಕಲ್ಲು ತಾನಾಗಿ ಮಾತನಾಡಲಾರದು. ಅದಕ್ಕೆ ಮಾತು ಕೊಡುವವರು ವಿದ್ವಾಂಸರು. ಆದುದರಿಂದ ರೋಮಿನ ಈ ಕಥೆಯಲ್ಲಿ ಅವರ ಪಾತ್ರವೂ ಇದೆ. ಜಿಲಿಯೋಲಿ ಮನಃಪೂರ್ವಕವಾಗಿ ಪ್ರಭುತ್ವದ ಜೊತೆಗೆ ನಿಂತವರು. 1938ರ ಮೇ ತಿಂಗಳಿನಲ್ಲಿ ಹಿಟ್ಲರ್ ಇಟಲಿಗೆ ಬಂದಾಗ ಅವನಿಗೂ ಮುಸೊಲಿನಿಗೂ ಪ್ರಾಚೀನ ಅವಶೇಷಗಳನ್ನು ವಿವರಿಸುವ ಕೆಲಸ ಬಿದ್ದದ್ದು ರನೂಚ್ಚೊ ಬಿಯಾಂಕಿ ಬಂದಿನೆಲ್ಲಿ ಎಂಬ ಕಲಾ ಇತಿಹಾಸಕಾರರಿಗೆ. ಫ್ಯಾಸಿಸಮ್ಮನ್ನು ಅಂತರಂಗದಲ್ಲಿ ಹೇಸುತ್ತಿದ್ದ ಅವರು ಹೊರಗೆ ಉಪಚಾರದ ಉಡುಪು ತೊಟ್ಟು ಇಬ್ಬರ ನಡುವೆ ನಡೆದರು. ಒಳಗಿನ ಮಾತನ್ನು ದಿನಚರಿಗೆ ಹೇಳಿಕೊಂಡರು.

ಮೂರನೆಯವರು ರೋಮ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಗಾಯೆತಾನೊ ದೆ ಸಾಂಕ್ತಿಸ್. ರೋಮನರ ಚರಿತ್ರೆಯನ್ನು ಸಂಪುಟಗಳಲ್ಲಿ ಬರೆದವರು. 1931ರಲ್ಲಿ ಪ್ರಾಧ್ಯಾಪಕರೆಲ್ಲರೂ ಫ್ಯಾಸಿಸ್ಟ್ ಪ್ರಭುತ್ವಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕೆಂಬ ಆಜ್ಞೆ ಹೊರಟಿತು. ದೇಶದ ಸುಮಾರು 1,200 ಪ್ರಾಧ್ಯಾಪಕರಲ್ಲಿ ಒಪ್ಪದವರು ಹನ್ನೆರಡು ಮಂದಿಯ ಆಸುಪಾಸು. ದೆ ಸಾಂಕ್ತಿಸ್ ಆ ಹನ್ನೆರಡರಲ್ಲಿ ಒಬ್ಬರು. ಪೀಠ ಹೋಯಿತು, ಸಂಬಳ ಹೋಯಿತು. ರೋಮಿನ ಹೆಸರಿನಲ್ಲಿ ಇಡೀ ನಗರ ಹಬ್ಬ ಆಚರಿಸುತ್ತಿದ್ದಾಗ ರೋಮಿನ ಚರಿತ್ರೆಯನ್ನು ಬಲ್ಲವರೊಬ್ಬರು ಪಾಠಶಾಲೆಯ ಹೊರಗಿದ್ದರು. ಯುದ್ಧಕಾಲದಲ್ಲಿ ಸರ್ವಾಧಿಕಾರ ಉರುಳಿದ ಮೇಲೆ ಪೀಠ ಮರಳಿ ಬಂದಿತು. 1950ರಲ್ಲಿ ಗಣರಾಜ್ಯ ಅವರನ್ನು ಆಜೀವ ಸೆನೆಟರ್ ಆಗಿ ಗೌರವಿಸಿತು. ಉಳಿದವರನ್ನು ನಿಂದಿಸುವುದು ಸುಲಭ. ಮನೆಯಲ್ಲಿ ಮಕ್ಕಳಿರುವವನಿಗೆ ಒಂದು ರುಜುವಿನ ಬೆಲೆ ಎಷ್ಟೆಂಬುದನ್ನು ಬಲ್ಲವರು ಅಷ್ಟು ಬೇಗ ನಿಂದಿಸಲಾರರು. ಆದರೂ ಹನ್ನೆರಡು ಎಂಬ ಸಂಖ್ಯೆ ಮನಸ್ಸಿನಿಂದ ಹೋಗುವುದಿಲ್ಲ.

ಆಫ್ರಿಕದಿಂದ ಬಂದ ಕಲ್ಲು

ಕೊಲೋಸಿಯಮಿನಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಪೊರ್ತ ಕಪೇನ ಎಂಬ ಚೌಕ. ಅದರ ಬಳಿಯ ದೊಡ್ಡ ಕಟ್ಟಡದಲ್ಲಿ ಈಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕಚೇರಿಯಿದೆ. ಅದನ್ನು ಕಟ್ಟಲು ಆರಂಭಿಸಿದ್ದು ಆಫ್ರಿಕದ ವಸಾಹತುಗಳ ಮಂತ್ರಾಲಯಕ್ಕಾಗಿ. 1937ರಲ್ಲಿ ಅದರ ಮುಂದೆ 24 ಮೀಟರ್ ಎತ್ತರದ, ಸುಮಾರು 160 ಟನ್ ತೂಕದ ಶಿಲಾಸ್ತಂಭವೊಂದು ಎದ್ದು ನಿಂತಿತು. ಇಥಿಯೋಪಿಯದ ಅಕ್ಸುಮ್ ನಗರದಲ್ಲಿ ಸುಮಾರು 1,700 ವರ್ಷಗಳ ಹಿಂದೆ ಕಡೆದ ಸ್ತಂಭ ಅದು. ಪ್ರಾಚೀನ ಚಕ್ರವರ್ತಿಗಳು ಈಜಿಪ್ಟಿನಿಂದ ಸ್ತಂಭಗಳನ್ನು ತಂದಿದ್ದರಷ್ಟೆ; ಹೊಸ ಚಕ್ರವರ್ತಿಗೂ ಒಂದು ಬೇಕಾಗಿತ್ತು.

ಆ ಕಲ್ಲಿನ ಹಿಂದಿನ ಕಥೆ ರೋಮಿನ ಯಾವ ಗೋಡೆಯ ಮೇಲೂ ಇರಲಿಲ್ಲ. 1935ರ ಅಕ್ಟೋಬರಿನಲ್ಲಿ ಆರಂಭವಾದ ಆ ಯುದ್ಧದಲ್ಲಿ ವಿಮಾನಗಳಿಂದ ವಿಷಾನಿಲ ಸುರಿದಿತ್ತು. 1936ರ ಮೇ 9ರ ರಾತ್ರಿ ವೆನೆತ್ಸಿಯಾ ಅರಮನೆಯ ಉಪ್ಪರಿಗೆಯಿಂದ ಮುಸೊಲಿನಿ ಸಾಮ್ರಾಜ್ಯದ ಉದಯವನ್ನು ಸಾರಿದಾಗ ಕೆಳಗಿನ ಚೌಕ ಜನಸಮುದ್ರವಾಗಿತ್ತು. 1937ರ ಫೆಬ್ರುವರಿಯಲ್ಲಿ, ಇಟಲಿಯ ರಾಜಪ್ರತಿನಿಧಿಯ ಮೇಲೆ ಬಾಂಬು ಬಿದ್ದುದಕ್ಕೆ ಪ್ರತೀಕಾರವಾಗಿ, ಅಡಿಸ್ ಅಬಾಬದ ಸಾವಿರಾರು ನಿವಾಸಿಗಳನ್ನು ಮೂರು ದಿನ ಕೊಲ್ಲಲಾಯಿತು. ಸ್ತಂಭ ರೋಮಿನಲ್ಲಿ ನಿಂತದ್ದು ಅದೇ ವರ್ಷ. ಹಿಂದಿರುಗಿಸುವುದಾಗಿ 1947ರ ಶಾಂತಿ ಒಪ್ಪಂದದಲ್ಲಿ ಇಟಲಿ ಒಪ್ಪಿಕೊಂಡಿತು. ಹಿಂದಿರುಗಿಸಿದ್ದು 2005ರಲ್ಲಿ, ಮೂರು ತುಂಡುಗಳಾಗಿ, ವಿಮಾನದಲ್ಲಿ. 2008ರಲ್ಲಿ ಅದು ಅಕ್ಸುಮಿನ ತನ್ನ ನೆಲದಲ್ಲಿ ಮತ್ತೆ ಎದ್ದು ನಿಂತಿತು.

ಖಾಲಿ ಬಿಟ್ಟಿದ್ದ ಕಲ್ಲುಗಳು

ನಗರದ ಉತ್ತರಕ್ಕೆ, ನದಿಯ ಆಚೆಯ ದಂಡೆಯಲ್ಲಿ ಮುಸೊಲಿನಿ ತನ್ನ ಹೆಸರಿನಲ್ಲಿಯೇ ಒಂದು ಫೋರಮ್ ಕಟ್ಟಿಸಿದನು. ಯುದ್ಧಾನಂತರ ಅದಕ್ಕೆ ‘ಇಟಲಿಯ ಫೋರಮ್’ ಎಂಬ ಹೆಸರು ಬಂದಿತು. 1960ರ ಒಲಿಂಪಿಕ್ ಪಂದ್ಯಗಳು ಇಲ್ಲಿಯೂ ನಡೆದುವು. ಕರಾರ ಗಣಿಯ ಅಮೃತಶಿಲೆಯ ಒಂದು ಸ್ತಂಭ, ಅದರ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅವನ ಹೆಸರು, ಇನ್ನೂ ಹಾಗೆಯೇ ನಿಂತಿವೆ. ಸ್ತಂಭದ ಬುಡದಲ್ಲಿ ಚಿನ್ನದ ನಾಣ್ಯಗಳ ಜೊತೆಗೆ, ಅವನ ಸಾಧನೆಗಳನ್ನು ಲ್ಯಾಟಿನ್ ಭಾಷೆಯಲ್ಲಿ ಹೊಗಳಿದ ಒಂದು ಪ್ರಶಸ್ತಿಯನ್ನು ಹೂತಿಟ್ಟಿದ್ದಾರೆ. ಸ್ತಂಭ ಬಿದ್ದುಹೋದ ಮೇಲೆ, ಸಾವಿರಾರು ವರ್ಷಗಳ ಅನಂತರ, ಅಗೆಯುವವರ ಕೈಗೆ ಅದು ಸಿಕ್ಕಲಿ ಎಂಬುದು ಅದರ ಉದ್ದೇಶ. ಸಮಕಾಲೀನರನ್ನಷ್ಟೇ ಅಲ್ಲ, ಇನ್ನೂ ಹುಟ್ಟದ ಪುರಾತತ್ತ್ವಜ್ಞನನ್ನೂ ಒಲಿಸಿಕೊಳ್ಳುವ ಆಸೆ!

ಸ್ತಂಭದಿಂದ ಮುಂದಕ್ಕೆ ಸಾಗುವ ಹಾದಿಯ ಎರಡು ಪಕ್ಕಗಳಲ್ಲಿ ಅಮೃತಶಿಲೆಯ ದಿಮ್ಮಿಗಳಿವೆ. ಒಂದೊಂದರ ಮೇಲೂ ಪ್ರಭುತ್ವದ ಚರಿತ್ರೆಯ ಒಂದೊಂದು ತಾರೀಖು. ಸಾಮ್ರಾಜ್ಯದ ಘೋಷಣೆಯವರೆಗೆ ಕೊರೆದು, ಮುಂದಿನ ವಿಜಯಗಳಿಗೆಂದು ಕೆಲವು ದಿಮ್ಮಿಗಳನ್ನು ಖಾಲಿ ಬಿಟ್ಟಿದ್ದರು. ಆ ವಿಜಯಗಳು ಬರಲಿಲ್ಲ. ಯುದ್ಧ ಮುಗಿದ ಮೇಲೆ ಈ ದಿಮ್ಮಿಗಳನ್ನು ಒಡೆದುಹಾಕದೆ, ಖಾಲಿ ಕಲ್ಲುಗಳ ಮೇಲೆ ಮತ್ತೆ ಮೂರು ತಾರೀಖುಗಳನ್ನು ಕೊರೆದರು: 1943ರ ಜುಲೈ 25, ಫ್ಯಾಸಿಸ್ಟ್ ಪ್ರಭುತ್ವದ ಅಂತ್ಯ, 1946ರ ಜೂನ್ 2, ಅರಸೊತ್ತಿಗೆಯೋ ಗಣರಾಜ್ಯವೋ ಎಂದು ಜನ ಮತ ಕೊಟ್ಟ ದಿನ, 1948ರ ಜನವರಿ 1, ಗಣರಾಜ್ಯದ ಸಂವಿಧಾನ. ಫುಟ್‌ಬಾಲ್ ಪಂದ್ಯ ನೋಡಲು ಓಡುವ ಹುಡುಗರು ಈ ಕಲ್ಲುಗಳ ನಡುವೆಯೇ ಓಡುತ್ತಾರೆ. ನಿಂತು ಓದುವವರು ಕಡಿಮೆ. ಓದಿದವನಿಗೆ ಮಾತ್ರ ಆರಂಭದಿಂದ ಅಂತ್ಯದವರೆಗೆ ಕಥೆ ಪೂರ್ಣವಾಗಿ ಸಿಕ್ಕುತ್ತದೆ.

ಕಥೆ ಮುಗಿಯಿತೆಂದು ತಿಳಿಯುವುದು ಮಾತ್ರ ಸರಿಯಲ್ಲ. ಪುರಾಣದ ಆಯುಸ್ಸು ಪ್ರಭುತ್ವದ ಆಯುಸ್ಸಿಗಿಂತ ದೀರ್ಘ. 2024ರ ಜನವರಿಯಲ್ಲಿ ರೋಮಿನ ಒಂದು ಬೀದಿಯಲ್ಲಿ, 1978ರಲ್ಲಿ ಕೊಲೆಯಾದ ಬಲಪಂಥೀಯ ತರುಣರ ನೆನಪಿಗೆಂದು ನೂರಾರು ಜನ ಸಾಲುಸಾಲಾಗಿ ನಿಂತು, ತೋಳು ಚಾಚಿ, ‘ಪ್ರೆಸೆಂತೆ’ ಎಂದು ಕೂಗಿದರು. ಕತ್ತಲೆಯ ಕೋಣೆಯನ್ನು ಬಿಚ್ಚಿಹಾಕಿ ಎಷ್ಟೋ ದಶಕಗಳಾಗಿದ್ದರೂ ಅದರ ಗೋಡೆಯ ಶಬ್ದ ಬೀದಿಯಲ್ಲಿ ಕೇಳಿಸಿತು.

ಅದಕ್ಕೆ ಉತ್ತರದಂತಿರುವ ಒಂದು ಸ್ಥಳವೂ ರೋಮಿನಲ್ಲಿಯೇ ಇದೆ. ನಗರದ ದಕ್ಷಿಣಕ್ಕೆ ಅರ್ದೆಯಾತೀನ ರಸ್ತೆಯ ಗುಹೆಗಳು. 1944ರ ಮಾರ್ಚ್ 23ರಂದು ರೋಮಿನ ಗೆರಿಲ್ಲಾಗಳ ಬಾಂಬಿಗೆ ಜರ್ಮನ್ ಪೊಲೀಸರು ಬಲಿಯಾದರು. ಒಬ್ಬನಿಗೆ ಹತ್ತು ಜನರೆಂದು ಲೆಕ್ಕ ಹಾಕಿ, ಮರುದಿನ 335 ಮಂದಿಯನ್ನು ಈ ಗುಹೆಗಳಿಗೆ ತಂದು ಗುಂಡಿಕ್ಕಿ ಕೊಂದು, ಬಾಯಿಯನ್ನು ಸ್ಫೋಟಕಗಳಿಂದ ಮುಚ್ಚಿದರು. ಸೈನ್ಯಾಧಿಕಾರಿಗಳು, ವಕೀಲರು, ಕೂಲಿಯವರು, ಯೆಹೂದಿಗಳು, ಒಬ್ಬ ಪಾದ್ರಿ, ಹದಿನೈದು ವರ್ಷದ ಒಬ್ಬ ಹುಡುಗ. 1949ರಲ್ಲಿ ತೆರೆದ ಸ್ಮಾರಕದಲ್ಲಿ ಕಂಬಗಳ ವೈಭವವಿಲ್ಲ. ಒಂದು ಬೃಹತ್ತಾದ ಕಾಂಕ್ರೀಟ್ ಹಾಸು, ಅದರ ಕೆಳಗೆ ಸಾಲುಸಾಲಾಗಿ ಸಮಾಧಿಗಳು. ಸಮಾಧಿ ಒಬ್ಬರಿಗೆ ಒಂದು. ಗುರುತು ಸಿಕ್ಕದ ಕೆಲವರಿಗೂ ಒಂದೊಂದು. ಹಾಗೆ ಉಳಿದವರ ಹೆಸರು ಹುಡುಕುವ ಕೆಲಸವನ್ನು ಈ ಶತಮಾನದಲ್ಲಿಯೂ ನಡೆಸಿದರು.

ಪ್ರತಿವರ್ಷ ಮಾರ್ಚ್ 24ರಂದು ಅಲ್ಲಿ ಸೇರಿದ ಜನರ ಮುಂದೆ ಹೆಸರುಗಳನ್ನು ಓದುತ್ತಾರೆ. ಯಾರೂ ಒಕ್ಕೊರಲಿನಿಂದ ಉತ್ತರ ಕೊಡುವುದಿಲ್ಲ. ಒಂದು ಹೆಸರು ಮುಗಿದ ಮೇಲೆ ಇನ್ನೊಂದು ಹೆಸರು ಬರುತ್ತದೆ. ಓದಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ. ಮುಗಿಯುವವರೆಗೂ ಜನ ನಿಂತೇ ಇರುತ್ತಾರೆ.